ಪೆನ್ನು ನಿಂತದ್ದು ಅವರಿಗೆ ಕಾಣುತ್ತದೆ: ಕೌನ್ಸೆಲಿಂಗ್‌ನಲ್ಲಿ ಮೌಲ್ಯ, ಅಧ್ಯಾತ್ಮ, ನಡವಳಿಕೆ ಕುರಿತು ಹಂತ ಹಂತದ ಮಾರ್ಗದರ್ಶಿ

ನಾನು ಕೌನ್ಸೆಲಿಂಗ್ ಶುರುಮಾಡಿದ ಹೊಸದರಲ್ಲಿ ನಡೆದದ್ದು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅವತ್ತು ಎರಡನೇ ಸೆಷನ್. ಎದುರಿಗೆ ಕೂತಿದ್ದವರು ಮಾತಿನ ನಡುವೆ, "ಅಮ್ಮನನ್ನ ವೃದ್ಧಾಶ್ರಮಕ್ಕೆ ಸೇರಿಸೋಣ ಅಂತಿದ್ದೀನಿ" ಎಂದರು. ನಾನು ಏನೂ ಹೇಳಲಿಲ್ಲ. ಮುಖವೂ ಬದಲಾಗಲಿಲ್ಲ ಎಂದೇ ಅಂದುಕೊಂಡಿದ್ದೆ. ಆದರೆ ಅಲ್ಲಿಯವರೆಗೆ ಓಡುತ್ತಿದ್ದ ಪೆನ್ನು ನಿಂತುಬಿಟ್ಟಿತ್ತು. ಅವರು ಒಮ್ಮೆ ಪೆನ್ನಿನ ಕಡೆ ನೋಡಿದರು. ಆಮೇಲೆ ಆಫೀಸಿನ ಕಿರಿಕಿರಿಯ ಮಾತಿಗೆ ಹೊರಳಿಕೊಂಡರು. ಮುಂದಿನ ಮೂರು ವಾರ ಅಮ್ಮನ ಸುದ್ದಿಯೇ ಬರಲಿಲ್ಲ.

ಯಾರನ್ನೂ ಅಳೆದು ತೂಗಬಾರದು ಎಂದು ತರಬೇತಿಯಲ್ಲಿ ಎಲ್ಲರಿಗೂ ಹೇಳಿಕೊಡುತ್ತಾರೆ. ನಾನೂ ತೂಗಿರಲಿಲ್ಲ, ಬಾಯಲ್ಲಂತೂ ಇಲ್ಲ. ಆದರೆ ನಮ್ಮ ಮೌಲ್ಯಗಳು ಬಾಯಿಂದ ಹೊರಬರುವುದು ಕಡಿಮೆ. ಅವು ಬರುವುದು ತಲೆಯಾಡಿಸುವುದರಲ್ಲಿ, "ಹ್ಞೂಂ" ಅನ್ನುವುದರಲ್ಲಿ. ಯಾವ ಮಾತನ್ನು ಹಿಡಿದು ಮುಂದಿನ ಪ್ರಶ್ನೆ ಕೇಳಿದೆವು, ಯಾವುದನ್ನು ಹಾಗೇ ಬಿಟ್ಟೆವು ಅನ್ನುವುದರಲ್ಲಿ. ಹಾಗಾಗಿ ಮೌಲ್ಯ, ಅಧ್ಯಾತ್ಮ, ನಡವಳಿಕೆ ಮೂರನ್ನೂ ಬೇರೆ ಬೇರೆ ಪಾಠ ಮಾಡಿ ಹೇಳುವುದು ನನಗೆ ಒಗ್ಗುವುದಿಲ್ಲ. ಮೊದಲೆರಡೂ ಕಣ್ಣಿಗೆ ಬೀಳುವ ಜಾಗವೇ ಮೂರನೆಯದು. ಕ್ಲೈಂಟ್‌ಗೂ ಅಷ್ಟೇ, ನಮಗೂ ಅಷ್ಟೇ.

ಇದು ತರಬೇತಿ ಮುಗಿಸಿ ಕೆಲಸ ಶುರುಮಾಡಿದವರಿಗೆ, ಈಗಿನ್ನೂ ಮಾಡುತ್ತಿರುವವರಿಗೆ ಬರೆದದ್ದು. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲನೆಯದು ಕ್ಲೈಂಟ್ ಬರುವ ಮುಂಚಿನದು. ಎಲ್ಲರೂ ಹಾರಿಸಿಬಿಡುವುದು ಅದನ್ನೇ.

ಹಂತ 1: ನಿಮ್ಮ ಮೌಲ್ಯಗಳನ್ನು ಪಟ್ಟಿ ಮಾಡುವ ಬದಲು ಕೈಯಲ್ಲಿ ಹಿಡಿಯಿರಿ

"ನನ್ನ ಮೌಲ್ಯಗಳು ಏನು?" ಎಂದು ಕೇಳಿ ಹಾಳೆ ಕೊಟ್ಟರೆ ಎಲ್ಲರೂ ಪ್ರಾಮಾಣಿಕತೆ, ಪ್ರೀತಿ, ಸ್ವಾತಂತ್ರ್ಯ ಎಂದೇ ಬರೆಯುತ್ತಾರೆ. ಮಿಲ್ಟನ್ ರೋಕೀಚ್ 1973ರಲ್ಲಿ ಕೊಟ್ಟ ಅಳತೆಗೋಲಿನಲ್ಲಿ 18 ಬದುಕಿನ ಗುರಿಗಳು, 18 ನಡೆದುಕೊಳ್ಳುವ ರೀತಿಗಳು ಇವೆ. ಅವನ್ನು ಮುಖ್ಯತೆಯ ಪ್ರಕಾರ ಜೋಡಿಸಬೇಕು. ಜೋಡಿಸಲೇಬೇಕಾದ್ದರಿಂದ ಅದು ಸುಮ್ಮನೆ ಪಟ್ಟಿ ಮಾಡುವುದಕ್ಕಿಂತ ವಾಸಿ. ಎರಡು ಒಳ್ಳೆಯದರಲ್ಲಿ ಒಂದನ್ನು ಕೆಳಗಿಡಬೇಕಾದಾಗ ಕೈ ತಡೆಯುತ್ತದಲ್ಲ, ಅಲ್ಲಿ ಏನೋ ಇದೆ ಎಂದು ಅರ್ಥ. ಆದರೂ ಅದು ನಾವು ನಮ್ಮ ಬಗ್ಗೆ ಏನು ಅಂದುಕೊಂಡಿದ್ದೇವೆ ಅನ್ನುವುದನ್ನೇ ಜಾಸ್ತಿ ಹೇಳುತ್ತದೆ.

ನಾನು ಮಾಡಿಸುವುದು ಬೇರೆ. ಮೂರು ಕೆಲಸ.

ಮೊದಲನೆಯದು, ಯಾವ ಮಾತು ಕೇಳಿದರೆ ನಿಮ್ಮ ದವಡೆ ಬಿಗಿಯುತ್ತದೆ ಎಂದು ಬರೆದಿಡಿ. "ಮಗುವಿಗೆ ಎರಡೇಟು ಹಾಕಿದೆ." "ಮದುವೆಯಾಚೆ ಒಬ್ಬರಿದ್ದಾರೆ, ಬಿಡೋಕೆ ಮನಸ್ಸಿಲ್ಲ." "ಕೆಲಸ ಬಿಟ್ಟು ದೇವರ ದಾರಿ ಹಿಡಿಯಬೇಕು ಅಂತಿದ್ದೀನಿ." "ದೇವರು ಗೀವರು ಎಲ್ಲ ಸುಳ್ಳು." ಇಂಥ ಹತ್ತು ವಾಕ್ಯ ಸಾಕು. ಹತ್ತನ್ನೂ ಗಟ್ಟಿಯಾಗಿ ಓದಿ. ಯಾವುದಕ್ಕೆ ಮೈ ಏನು ಮಾಡಿತು ನೋಡಿ. ತಲೆ ಏನು ಹೇಳಿತು ಅನ್ನುವುದು ಆಮೇಲೆ.

ಎರಡನೆಯದು, ಯಾವ ಮಾತಿಗೆ ನಿಮಗೆ ಖುಷಿಯಾಗುತ್ತದೆ ಎಂದೂ ಬರೆಯಿರಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಅಪಾಯ ಇಲ್ಲೇ ಜಾಸ್ತಿ. "ಕೊನೆಗೂ ನಾನು ಅವರಿಗೆ ಆಗಲ್ಲ ಅಂತ ಹೇಳಿಬಿಟ್ಟೆ" ಎಂದು ಕ್ಲೈಂಟ್ ಹೇಳಿದಾಗ ನಮ್ಮ ಮುಖ ಅರಳುತ್ತದೆ. ಅರಳಿದ ಮುಖವನ್ನು ನೋಡಿದವರು ಮುಂದಿನ ವಾರ ಅಂಥದ್ದನ್ನೇ ತರುತ್ತಾರೆ.

ಮೂರನೆಯದು, ಕ್ಲೈಂಟ್ ಒಪ್ಪಿಗೆ ಕೊಟ್ಟ ಒಂದು ರೆಕಾರ್ಡಿಂಗ್ ತೆಗೆದುಕೊಂಡು ಹತ್ತೇ ನಿಮಿಷ ಕೇಳಿ. ಕ್ಲೈಂಟ್ ಮಾತು ಬಿಡಿ. ನಿಮ್ಮ "ಹ್ಞೂಂ" ಎಲ್ಲೆಲ್ಲಿ ಬಂತು, ಗುರುತು ಹಾಕಿ.

ಈ "ಹ್ಞೂಂ" ಬಗ್ಗೆ ಯಾಕಿಷ್ಟು ಹಟ ಅಂದರೆ, ಅದಕ್ಕೆ ಹಳೆಯ ಪುರಾವೆ ಇದೆ. 1955ರಲ್ಲಿ ಜೋಯಲ್ ಗ್ರೀನ್‌ಸ್ಪೂನ್ ಒಂದು ಸರಳ ಪ್ರಯೋಗ ಮಾಡಿದರು. ಜನರಿಗೆ ತೋಚಿದ ಪದಗಳನ್ನು ಒಂದೊಂದಾಗಿ ಹೇಳುತ್ತಾ ಹೋಗಲು ಹೇಳಿದರು. ಬಹುವಚನದ ನಾಮಪದ ಬಂದಾಗಲೆಲ್ಲ ಮೆಲ್ಲಗೆ "ಹ್ಞೂಂ" ಅಂದರು. ಬಹುವಚನದ ಪದಗಳು ಹೆಚ್ಚುತ್ತಾ ಹೋದವು. 1966ರಲ್ಲಿ ಚಾರ್ಲ್ಸ್ ಟ್ರೂಆಕ್ಸ್ ಇದೇ ಕಣ್ಣಿನಿಂದ ಕಾರ್ಲ್ ರೋಜರ್ಸ್ ಅವರ ಸೆಷನ್ ರೆಕಾರ್ಡಿಂಗ್‌ಗಳನ್ನು ಪರೀಕ್ಷಿಸಿದರು. ರೋಜರ್ಸ್ ಅಂದರೆ ಯಾರು? ಕ್ಲೈಂಟನ್ನು ಷರತ್ತಿಲ್ಲದೆ ಒಪ್ಪಿಕೊಳ್ಳಬೇಕು ಎಂದು 1957ರಲ್ಲಿ ಬರೆದವರು, ಆ ಮಾತಿಗೆ ಹೆಸರಾದವರು. ಅವರ ಬೆಚ್ಚಗಿನ ಪ್ರತಿಕ್ರಿಯೆ ಕೂಡ ಎಲ್ಲ ಮಾತಿಗೂ ಒಂದೇ ಸಮ ಇರಲಿಲ್ಲ. ಕೆಲವು ಬಗೆಯ ಮಾತಿಗೆ ಜಾಸ್ತಿ ಸಿಗುತ್ತಿತ್ತು, ಅಂಥ ಮಾತುಗಳಲ್ಲಿ ಹೆಚ್ಚಿನವು ದಿನ ಕಳೆದಂತೆ ಬೆಳೆದಿದ್ದವು.

ರೋಜರ್ಸ್‌ಗೇ ಹಾಗಾದರೆ ನಮ್ಮ ಪಾಡೇನು, ಅಲ್ವಾ?

ಇನ್ನೊಂದು: 1955ರಲ್ಲೇ ಡೇವಿಡ್ ರೋಸೆಂತಾಲ್ 12 ರೋಗಿಗಳನ್ನು ಗಮನಿಸಿ ಬರೆದರು. "ಸುಧಾರಿಸಿದ್ದಾರೆ" ಎಂದು ಗುರುತಿಸಲಾದವರ ನೈತಿಕ ನಿಲುವುಗಳು ಅವರ ಚಿಕಿತ್ಸಕರ ನಿಲುವಿನ ಕಡೆಗೆ ಸರಿದಿದ್ದವು. 12 ಜನ ಅನ್ನುವುದು ಚಿಕ್ಕ ಸಂಖ್ಯೆ, ಒಪ್ಪಿದೆ. ಆದರೂ ಪ್ರಶ್ನೆ ಚುಚ್ಚುವಂಥದ್ದು. ಕ್ಲೈಂಟ್ ಗುಣವಾದರೋ, ಅಥವಾ ನಮ್ಮ ಥರ ಆದರೋ? ನಮ್ಮ ಥರ ಆದವರನ್ನೇ ನಾವು ಗುಣವಾದರು ಅನ್ನುತ್ತೇವೋ?

ಹಂತ 2: ಬದಿಗಿಡುವುದನ್ನು ಅಭ್ಯಾಸ ಮಾಡಿ

ಮೌಲ್ಯಗಳನ್ನು ಹೊರಗೆ ಬಿಟ್ಟು ಬರಲು ಅವು ಚಪ್ಪಲಿಯಲ್ಲ. ಒಳಗೆ ಬರುತ್ತವೆ. ಕುರ್ಚಿ ಪಕ್ಕದಲ್ಲಿ ಇಟ್ಟುಕೊಳ್ಳಬಹುದು, ಅಷ್ಟೇ. 2014ರಲ್ಲಿ ಕೋಸೆಟ್ ಮತ್ತು ಹರ್ಲಿಹಿ ಇದನ್ನು ನೈತಿಕವಾಗಿ ಕಂಸದಲ್ಲಿಡುವುದು ಎಂದು ವಿವರಿಸಿದರು. ಕಂಸದೊಳಗಿಟ್ಟ ಪದ ವಾಕ್ಯದಲ್ಲೇ ಇರುತ್ತದೆ, ಆದರೆ ವಾಕ್ಯವನ್ನು ನಡೆಸುವುದಿಲ್ಲ. ಹಾಗೆ.

ಮಾಡುವ ರೀತಿ ಇದು. ಸೆಷನ್‌ಗೆ ಎರಡು ನಿಮಿಷ ಮುಂಚೆ, ಇವತ್ತು ಬರುವವರ ವಿಷಯದಲ್ಲಿ "ಇವರು ಹೀಗೆ ಮಾಡಿದರೆ ಚೆನ್ನಾಗಿತ್ತು" ಅನ್ನುವ ಆಸೆ ನಿಮಗಿದೆಯಾ ನೋಡಿಕೊಳ್ಳಿ. ಇದ್ದೇ ಇರುತ್ತದೆ. ಅದನ್ನು ಒಂದು ಸಾಲಿನಲ್ಲಿ ಬರೆಯಿರಿ: "ಇವರು ಗಂಡನನ್ನು ಬಿಟ್ಟು ಬರಲಿ ಅಂತ ನನಗಿದೆ." ಬರೆದ ಮೇಲೆ ಹಾಳೆ ಮಡಚಿಡಿ. ಸೆಷನ್ ಒಳಗೆ ಆ ಆಸೆ ತಲೆ ಎತ್ತಿದಾಗ ಒಂದೇ ಪ್ರಶ್ನೆ: "ಇದು ನನ್ನದಾ, ಅವರದಾ?" ನನ್ನದಾದರೆ ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿ, ಅವರ ಕೊನೆಯ ಮಾತಿಗೆ ವಾಪಸ್ ಹೋಗಿ.

"ನನಗೆ ಇದು ಒಗ್ಗುವುದಿಲ್ಲ, ಬೇರೆಯವರ ಹತ್ತಿರ ಕಳಿಸಿಬಿಡುತ್ತೇನೆ" ಅಂದುಕೊಳ್ಳುವುದು ಸುಲಭ. ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್‌ನ 2014ರ ನೀತಿಸಂಹಿತೆ ಅದನ್ನು ನೇರವಾಗಿಯೇ ತಡೆಯುತ್ತದೆ. ಬರೀ ಕೌನ್ಸೆಲರ್ ಮೌಲ್ಯಕ್ಕೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಕ್ಲೈಂಟನ್ನು ಬೇರೆ ಕಡೆ ಕಳಿಸುವಂತಿಲ್ಲ. ನಿಮಗೆ ಆ ಸಮಸ್ಯೆಯಲ್ಲಿ ತರಬೇತಿ ಇಲ್ಲದಿದ್ದರೆ ಕಳಿಸಬಹುದು, ಕಳಿಸಲೇಬೇಕು. ಆದರೆ "ತರಬೇತಿ ಇಲ್ಲ" ಅನ್ನುವುದು ಎಷ್ಟೋ ಸಲ "ಇಷ್ಟ ಇಲ್ಲ" ಅನ್ನುವುದರ ಮರ್ಯಾದಸ್ಥ ಹೆಸರು. ಕಳಿಸಿದವರಿಗೆ ಏನನಿಸುತ್ತದೆ ಯೋಚಿಸಿ. ಧೈರ್ಯ ಮಾಡಿ ಬಾಯಿಬಿಟ್ಟ ವಾರವೇ ಬಾಗಿಲು ತೋರಿಸಿದಂತಾಗುತ್ತದೆ.

ಒಂದು ಮಾತು ಸ್ಪಷ್ಟ ಇರಲಿ. ಬದಿಗಿಡುವುದು ಅಂದರೆ ಎಲ್ಲಕ್ಕೂ ಸೈ ಅನ್ನುವುದಲ್ಲ. ಮಗುವಿಗೆ ಅಪಾಯವಿದ್ದರೆ, ಕ್ಲೈಂಟ್ ಜೀವಕ್ಕೆ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ ಅಲ್ಲಿ ಮಧ್ಯಸ್ಥ ನಿಲುವು ಇಲ್ಲ. ಗುಟ್ಟು ಕಾಯುವ ಮಾತಿಗೂ ಅಲ್ಲಿ ಮಿತಿ ಇದೆ. ಆ ಮಿತಿಯನ್ನು ಮೊದಲ ಸೆಷನ್‌ನಲ್ಲೇ ಬಾಯಿಬಿಟ್ಟು ಹೇಳಿ. ಬರೀ ಸಹಿ ಹಾಕಿಸಿದರೆ ಸಾಲದು.

ಹಂತ 3: ಅಧ್ಯಾತ್ಮದ ಬಗ್ಗೆ ಕೇಳಿ, ಆದರೆ ಫಾರ್ಮಿನ ಪ್ರಶ್ನೆಯಾಗಿ ಬೇಡ

ಈ ವೃತ್ತಿಗೂ ಧರ್ಮಕ್ಕೂ ಮೊದಲಿನಿಂದ ಜಟಾಪಟಿ. 1927ರಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಧರ್ಮವನ್ನು ಭ್ರಮೆ ಎಂದು ಬರೆದರು. ಮೊದಲು ಅವರ ಜೊತೆಗಿದ್ದ ಯುಂಗ್ ಬೇರೆ ದಾರಿ ಹಿಡಿದರು, ಧರ್ಮಕ್ಕೆ ಬೆಲೆ ಕೊಟ್ಟರು. 1980ರಲ್ಲಿ ಮನಶ್ಶಾಸ್ತ್ರಜ್ಞ ಅಲನ್ ಬರ್ಗಿನ್, ಮನೋಚಿಕಿತ್ಸೆ ಧಾರ್ಮಿಕ ಮೌಲ್ಯಗಳನ್ನು ಬದಿಗೊತ್ತಿದೆ ಎಂದು ಬರೆದಾಗ ಆಲ್ಬರ್ಟ್ ಎಲಿಸ್ ಅದೇ ವರ್ಷ ಕಟುವಾಗಿಯೇ ಉತ್ತರಿಸಿದರು. 1994ರಲ್ಲಿ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಾದ ಡಿಎಸ್ಎಮ್‌ನ ನಾಲ್ಕನೇ ಆವೃತ್ತಿಯಲ್ಲಿ "ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ" ಎಂಬ ವಿಭಾಗ ಬಂತು. ಅದನ್ನು ಕಾಯಿಲೆ ಅನ್ನಲಿಲ್ಲ, ಗಮನ ಕೊಡಬೇಕಾದ ವಿಷಯ ಎಂದರು. ನಂಬಿಕೆ ಕಳೆದುಕೊಂಡವರ ನೋವು, ಧರ್ಮ ಬದಲಿಸಿದವರ ತಳಮಳ ಇಂಥವಕ್ಕೆ ಒಂದು ಜಾಗ ಸಿಕ್ಕಿತು. ಈ ಇತಿಹಾಸ ಗೊತ್ತಿದ್ದರೆ ಒಂದು ಉಪಯೋಗವಿದೆ. ನಿಮಗೆ ಹೇಳಿಕೊಟ್ಟವರು ಫ್ರಾಯ್ಡ್ ಕಡೆಯವರಾ, ಬರ್ಗಿನ್ ಕಡೆಯವರಾ ಎಂದು ಯೋಚಿಸಬಹುದು. ಆ ವಾಲಿಕೆ ನಿಮಗೂ ಅಂಟಿರುತ್ತದೆ.

"ಧರ್ಮ: ______" ಎಂಬ ಖಾಲಿ ಜಾಗ ತುಂಬಿಸಿಕೊಂಡರೆ ಏನೂ ತಿಳಿಯುವುದಿಲ್ಲ. ಅಲ್ಲಿ ಬರೆದದ್ದಕ್ಕೂ ರಾತ್ರಿ ಎರಡು ಗಂಟೆಗೆ ನಿದ್ದೆ ಬರದಾಗ ಅವರು ಯಾರನ್ನು ನೆನೆಯುತ್ತಾರೆ ಅನ್ನುವುದಕ್ಕೂ ಸಂಬಂಧ ಇರಬೇಕೆಂದೇನಿಲ್ಲ. ಕ್ರಿಸ್ಟಿನಾ ಪುಚಾಲ್ಸ್ಕಿ ಎಂಬ ವೈದ್ಯೆ 1996ರಲ್ಲಿ ಸಹೋದ್ಯೋಗಿಗಳ ಜೊತೆ ಒಂದು ಚಿಕ್ಕ ಸಾಧನ ರೂಪಿಸಿದರು. ಫಿಕಾ ಎಂದು ಹೆಸರು. ನಂಬಿಕೆ ಏನು, ಬದುಕಿನಲ್ಲಿ ಅದಕ್ಕೆ ಎಷ್ಟು ತೂಕ, ಅದನ್ನು ಹಂಚಿಕೊಳ್ಳುವ ಬಳಗ ಇದೆಯಾ, ನಾವು ಅದನ್ನು ಇಲ್ಲಿ ಹೇಗೆ ಗಮನಿಸಬೇಕು ಎಂಬ ನಾಲ್ಕು ದಿಕ್ಕು. ನಾನು ಅದನ್ನು ಹೀಗೆ ಮಾತಿಗೆ ಇಳಿಸಿಕೊಂಡಿದ್ದೇನೆ:

"ತುಂಬಾ ಕಷ್ಟ ಬಂದಾಗ ನಿಮ್ಮನ್ನ ಹಿಡಿದು ನಿಲ್ಲಿಸೋದು ಏನು?"
"ಅದು ದಿನನಿತ್ಯದಲ್ಲಿ ಎಲ್ಲಿ ಕಾಣುತ್ತೆ?"
"ಇದನ್ನ ಹಂಚಿಕೊಳ್ಳೋಕೆ ಯಾರಾದ್ರೂ ಇದ್ದಾರಾ?"
"ಇಲ್ಲಿ ಮಾತಾಡುವಾಗ ಅದನ್ನೂ ಸೇರಿಸಿಕೊಳ್ಳೋಣ್ವಾ, ಬೇಡ್ವಾ?"

ನಾಲ್ಕನೆಯದನ್ನು ಬಿಡಬೇಡಿ. ಬೇಡ ಅನ್ನುವ ಹಕ್ಕು ಅವರದು. "ನಂಗೆ ಅಂಥದ್ದೇನೂ ಇಲ್ಲ" ಎಂದರೆ ಅದೂ ಉತ್ತರವೇ, ಕೆದಕಬೇಡಿ. ನಂಬದವರಿಗೂ ಹಿಡಿದು ನಿಲ್ಲಿಸುವಂಥದ್ದು ಇರುತ್ತದೆ. ಒಬ್ಬರಿಗೆ ಸಂಗೀತ, ಒಬ್ಬರಿಗೆ ಬೆಟ್ಟ ಹತ್ತುವುದು, ಒಬ್ಬರಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು.

ನಂಬಿಕೆ ಇದೆ ಅಂದ ತಕ್ಷಣ ಒಳ್ಳೆಯದಾಯಿತು ಎಂದುಕೊಳ್ಳಬೇಡಿ. ಅದು ಯಾವ ಕೆಲಸ ಮಾಡುತ್ತಿದೆ ಕೇಳಿಸಿಕೊಳ್ಳಿ. ಕೆನೆತ್ ಪಾರ್ಗಮೆಂಟ್ ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಅವರ ಚಿಕ್ಕ ಪ್ರಶ್ನಾವಳಿಯಲ್ಲಿ 14 ವಾಕ್ಯಗಳಿವೆ. ಏಳು ನಂಬಿಕೆ ಆಸರೆಯಾಗುವುದನ್ನು ಅಳೆಯುತ್ತವೆ, ಏಳು ನಂಬಿಕೆಯೇ ಗಾಯವಾಗುವುದನ್ನು. "ದೇವರು ನನ್ನ ಜೊತೆಗಿದ್ದಾನೆ" ಅನ್ನುವವರೂ "ದೇವರು ನನಗೆ ಶಿಕ್ಷೆ ಕೊಡ್ತಿದ್ದಾನೆ" ಅನ್ನುವವರೂ ಇಬ್ಬರೂ ದೇವರನ್ನು ನಂಬಿದವರೇ. 2001ರಲ್ಲಿ ಪಾರ್ಗಮೆಂಟ್ ತಂಡ ಆಸ್ಪತ್ರೆಗೆ ದಾಖಲಾಗಿದ್ದ 596 ಹಿರಿಯರನ್ನು ಎರಡು ವರ್ಷ ಹಿಂಬಾಲಿಸಿದ ಅಧ್ಯಯನ ಪ್ರಕಟಿಸಿತು. ದೇವರು ಕೈಬಿಟ್ಟ, ದೇವರಿಗೆ ನನ್ನ ಮೇಲೆ ಪ್ರೀತಿಯಿಲ್ಲ ಎಂಬಂಥ ಒಳಗುದಿ ಇದ್ದವರಲ್ಲಿ ಸಾವಿನ ಸಾಧ್ಯತೆ ಸ್ವಲ್ಪ ಹೆಚ್ಚಿತ್ತು. ಆ ಮಾತನ್ನು ಕೇಳಿಸಿಕೊಂಡರೆ ದಾಟಿಕೊಂಡು ಹೋಗಬೇಡಿ.

ಮತ್ತೊಂದು ಬಗೆ ಇದೆ, ಗುರುತಿಸುವುದು ಕಷ್ಟ. ಜಾನ್ ವೆಲ್‌ವುಡ್ 1980ರ ದಶಕದಲ್ಲಿ ಅದಕ್ಕೆ ಆಧ್ಯಾತ್ಮಿಕ ಅಡ್ಡದಾರಿ ಎಂಬರ್ಥದ ಹೆಸರಿಟ್ಟರು. ನೋವಿನ ಮೂಲಕ ಹೋಗುವ ಬದಲು ಅಧ್ಯಾತ್ಮದ ಮೇಲ್ಸೇತುವೆ ಹತ್ತಿ ದಾಟಿಬಿಡುವುದು. "ಎಲ್ಲಾ ಕ್ಷಮಿಸಿಬಿಟ್ಟಿದ್ದೀನಿ, ಈಗ ಏನೂ ಇಲ್ಲ" ಅನ್ನುತ್ತಾರೆ, ಹಲ್ಲು ಕಚ್ಚಿಕೊಂಡು. ಇಲ್ಲಿ "ಇದು ಅಡ್ಡದಾರಿ" ಎಂದು ಹೆಸರಿಟ್ಟು ಹೇಳಬೇಡಿ. ಅದು ಸುಮ್ನೆ ಜಾಣತನದ ಪ್ರದರ್ಶನವಾಗುತ್ತದೆ. "ಕ್ಷಮಿಸಿದ್ದೀನಿ ಅನ್ನುವಾಗ ಮೈಯಲ್ಲಿ ಏನಾಗುತ್ತೆ?" ಎಂದು ಕೇಳಿ. ಉತ್ತರ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ದೇವತಾಶಾಸ್ತ್ರದ ವಾದಕ್ಕಂತೂ ಇಳಿಯಲೇಬೇಡಿ. "ದೇವರು ಹಾಗೆಲ್ಲ ಶಿಕ್ಷೆ ಕೊಡಲ್ಲ ಬಿಡಿ" ಅನ್ನಲು ನಾವ್ಯಾರು? "ನಿಮ್ಮ ನಂಬಿಕೆಯಲ್ಲಿ ತಪ್ಪು ಮಾಡಿದವರಿಗೆ ದಾರಿ ಏನಿದೆ?" ಎಂದು ಕೇಳಬಹುದು. ಅವರ ಮನೆಯೊಳಗಿನ ದೀಪವನ್ನೇ ಹಚ್ಚಿಕೊಳ್ಳಲಿ. ಅವರು ನಂಬುವ ಧಾರ್ಮಿಕ ಹಿರಿಯರೊಬ್ಬರ ಜೊತೆ ಮಾತಾಡುವುದು ಒಳ್ಳೆಯದು ಅನಿಸಿದರೆ ಹಾಗೆ ಸೂಚಿಸಬಹುದು. ನೀವೇ ಅವರೊಂದಿಗೆ ಮಾತಾಡಬೇಕಾದರೆ ಕ್ಲೈಂಟ್ ಒಪ್ಪಿಗೆ ಬೇಕು. ಯಾರಾದರೂ ದೈವವಾಣಿ ಕೇಳಿಸುತ್ತದೆ ಎಂದರೆ ನಗಲೂ ಬೇಡಿ, ಗಾಬರಿಯೂ ಬೇಡ. ಅದರಿಂದ ಅವರಿಗೆ ಸಂಕಟವಾಗುತ್ತಿದೆಯಾ, ಊಟ ನಿದ್ದೆ ಕೆಲಸ ಕೆಟ್ಟಿದೆಯಾ, ಏನಾದರೂ ಮಾಡು ಎಂದು ಆಜ್ಞೆ ಮಾಡುತ್ತಿದೆಯಾ, ಅವರ ನಂಬಿಕೆಯವರೇ ಅದನ್ನು ಸಹಜ ಅನ್ನುತ್ತಾರಾ ವಿಚಾರಿಸಿ. ಅನುಮಾನ ಉಳಿದರೆ ಮನೋವೈದ್ಯರ ಹತ್ತಿರ ಕಳಿಸಿ, ತಡಮಾಡಬೇಡಿ.

ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ: "ನೀವು ದೇವರನ್ನ ನಂಬ್ತೀರಾ?"

ತರಬೇತಿಯಲ್ಲಿ ಹೇಳಿಕೊಡುವ ಉತ್ತರ, "ಅದು ನಿಮಗೆ ಯಾಕೆ ಮುಖ್ಯ?" ಅನ್ನುವುದು. ಸೊಲ್ಲು ತಪ್ಪಿದರೆ ಅದು ಪೊಲೀಸ್ ವಿಚಾರಣೆ ಥರ ಕೇಳಿಸುತ್ತದೆ. ನಾನು ಹೇಳುವುದು ಹೀಗೆ: "ಖಂಡಿತ ಹೇಳ್ತೀನಿ. ಅದಕ್ಕೆ ಮುಂಚೆ ಒಂದು ಕೇಳಲಾ? ನಾನು ಹೌದು ಅಂದ್ರೆ ನಿಮಗೆ ಏನನ್ಸುತ್ತೆ, ಇಲ್ಲ ಅಂದ್ರೆ ಏನನ್ಸುತ್ತೆ?" ಹತ್ತಕ್ಕೆ ಎಂಟು ಸಲ ಅವರ ನಿಜವಾದ ಭಯ ಹೊರಬರುತ್ತದೆ. "ಇಲ್ಲ ಅಂದ್ರೆ ನನ್ನನ್ನ ಹುಚ್ಚಿ ಅಂದ್ಕೋತೀರೇನೋ ಅಂತ." ಆಮೇಲೆ ನನ್ನ ಉತ್ತರ ಅವರಿಗೆ ಬೇಕೇ ಆಗುವುದಿಲ್ಲ. ಬೇಕೆಂದರೆ ಒಂದೇ ವಾಕ್ಯದಲ್ಲಿ ಹೇಳುತ್ತೇನೆ. ಮಾತು ಕೊಟ್ಟ ಮೇಲೆ ಜಾರಿಕೊಳ್ಳಬಾರದು.

ಹಂತ 4: ನಡವಳಿಕೆಯ ಜಾಡು ಹಿಡಿಯಿರಿ

ಇದಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬರದ್ದಲ್ಲ, ಹಲವರನ್ನು ಸೇರಿಸಿ ಮಾಡಿದ ಚಿತ್ರ. ನಲವತ್ತರ ಗಂಡಸು. "ನನಗೆ ಕುಟುಂಬವೇ ಎಲ್ಲ" ಅನ್ನುತ್ತಾರೆ. ಮನೆಗೆ ಹೋಗುವುದು ರಾತ್ರಿ ಒಂಬತ್ತರ ಮೇಲೆ. ದೈವಭಕ್ತರು. ಹೆಂಡತಿ ಪ್ರಕಾರ ಇವರಿಗೆ ಮನೆ ಅಂದರೆ ಅಷ್ಟಕ್ಕಷ್ಟೆ.

ಹೊಸಬರು ಇಲ್ಲಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಒಂದು, "ಹೇಳುವುದೊಂದು ಮಾಡುವುದೊಂದು" ಎಂದು ಮನಸ್ಸಿನಲ್ಲೇ ತೀರ್ಪು ಬರೆಯುವುದು. ಇನ್ನೊಂದು, "ವಾರಕ್ಕೆ ಎರಡು ದಿನ ಬೇಗ ಹೋಗಿ ನೋಡಿ" ಎಂದು ಸಲಹೆ ಕೊಡುವುದು. ಎರಡೂ ಬೇಡ. ಒಂದು ವಾರ ಬರೆದುಕೊಂಡು ಬರಲು ಹೇಳಿ. ಮೂರೇ ಕಾಲಂ: ಮುಂಚೆ ಏನಾಯಿತು, ಆಗ ಏನು ಮಾಡಿದೆ, ಆಮೇಲೆ ಏನಾಯಿತು. ಕಾರಣ ಬರೆಯುವ ಕಾಲಂ ಇಡಬೇಡಿ. ಇಟ್ಟರೆ ಜನ ಅದನ್ನೊಂದೇ ಉದ್ದಕ್ಕೆ ತುಂಬಿಸಿಕೊಂಡು ಬರುತ್ತಾರೆ.

ಅವರು ತಂದ ಹಾಳೆಯ ಒಂದು ಸಾಲು:

ಮಂಗಳವಾರ ಸಂಜೆ 6:40. ಮುಂಚೆ: ಹೆಂಡತಿಯ ಮೆಸೇಜ್, "ಮಗನ ಟೀಚರ್ ಫೋನ್ ಮಾಡಿದ್ರು, ಬಂದ ಮೇಲೆ ಮಾತಾಡೋಣ." ಆಗ: ಬ್ಯಾಗ್ ಕೆಳಗಿಟ್ಟೆ, ನಾಳೆಯ ರಿಪೋರ್ಟ್ ತೆಗೆದೆ. ಆಮೇಲೆ: ಹಗುರಾಯಿತು. 9:15ಕ್ಕೆ ಮನೆ. ಮಗ ಮಲಗಿದ್ದ.

"ಹಗುರಾಗಿದ್ದು ಯಾವಾಗ?"
"ರಿಪೋರ್ಟ್ ತೆರೆದ ತಕ್ಷಣ."
"ಅದಕ್ಕೆ ಮುಂಚೆ, ಮೆಸೇಜ್ ಓದಿದಾಗ?"
ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮನೆಗೆ ಹೋದ್ರೆ ನಾನು ಒಳ್ಳೆ ಅಪ್ಪ ಅಲ್ಲ ಅಂತ ಮತ್ತೆ ಸಾಬೀತಾಗುತ್ತೆ ಅನ್ನಿಸ್ತು."

ಇಡೀ ಗಂಟು ಈ ಸಾಲಿನಲ್ಲಿದೆ. ರಿಪೋರ್ಟ್ ತೆರೆದ ಕೂಡಲೇ ಸಂಕಟ ಇಳಿಯಿತು. ಸಂಕಟ ಇಳಿಸಿದ ಕೆಲಸವನ್ನು ಮನುಷ್ಯ ಮತ್ತೆ ಮಾಡುತ್ತಾನೆ. ವರ್ತನಾ ವಿಜ್ಞಾನದಲ್ಲಿ ಇದಕ್ಕೆ ಋಣಾತ್ಮಕ ಬಲವರ್ಧನೆ ಎಂದು ಹೆಸರು. ಶಿಕ್ಷೆ ಅಲ್ಲ ಅದು, ಎಷ್ಟೋ ಜನ ಹಾಗೆ ತಪ್ಪು ತಿಳಿಯುತ್ತಾರೆ. ಕಾಟವೊಂದು ತೊಲಗಿದ್ದರಿಂದ ಅಭ್ಯಾಸ ಗಟ್ಟಿಯಾಗುವುದು. ಇನ್ನೂ ಒಂದು ವಿಷಯ ಗಮನಿಸಿ. ಕುಟುಂಬ ಇವರಿಗೆ ಮುಖ್ಯ ಅಲ್ಲದಿದ್ದರೆ ಆ ಮೆಸೇಜ್ ಇಷ್ಟು ಚುಚ್ಚುತ್ತಲೇ ಇರಲಿಲ್ಲ. ಮೌಲ್ಯ ಗಟ್ಟಿಯಾಗಿರುವುದರಿಂದಲೇ ನಾಚಿಕೆ, ನಾಚಿಕೆಯಿಂದಲೇ ತಪ್ಪಿಸಿಕೊಳ್ಳುವುದು. ಮೌಲ್ಯಕ್ಕೆ ಪೂರ್ತಿ ವಿರುದ್ಧವಾಗಿ ಕಾಣುವ ನಡವಳಿಕೆ ಎಷ್ಟೋ ಸಲ ಅದೇ ಮೌಲ್ಯದ ನೆರಳು. ಇದನ್ನು ಒಂದು ಸಲ ಕಣ್ಣಾರೆ ಕಂಡ ಮೇಲೆ ಕ್ಲೈಂಟ್‌ಗಳ ಮೇಲೆ ಸಿಟ್ಟು ಬರುವುದೇ ಕಡಿಮೆಯಾಗುತ್ತದೆ.

ಸಲಹೆ ಕೊಡಬೇಕೆಂದು ನಾಲಿಗೆ ತುರಿಸುವುದಕ್ಕೂ ಹೆಸರಿದೆ. ಬದಲಾಗುವ ಕಾರಣಗಳನ್ನು ಕ್ಲೈಂಟ್ ಬಾಯಿಂದಲೇ ಹೊರತರುವ ಪ್ರೇರಣಾ ಸಂದರ್ಶನದ ವಿಧಾನ ಕಟ್ಟಿದ ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರಾಲ್ನಿಕ್ ಅದನ್ನು ಸರಿಮಾಡಿಬಿಡುವ ತುಡಿತ ಅನ್ನುತ್ತಾರೆ. ಇಬ್ಬಂದಿಯಲ್ಲಿರುವವರ ಒಂದು ಪಕ್ಷವನ್ನು ನಾವು ಹಿಡಿದರೆ ಅವರು ತಾವಾಗಿಯೇ ಇನ್ನೊಂದು ಪಕ್ಷದ ವಕೀಲರಾಗುತ್ತಾರೆ. "ಬೇಗ ಮನೆಗೆ ಹೋಗಿ" ಅಂದರೆ ಆಫೀಸಿನ ಕೆಲಸ ಎಷ್ಟು ಮುಖ್ಯ ಎಂದು ಹತ್ತು ಕಾರಣ ಹೇಳುತ್ತಾರೆ. ಹೇಳುತ್ತಾ ಹೇಳುತ್ತಾ ನಂಬುತ್ತಾರೆ ಕೂಡ.

ಅವರು ಯಾವ ಘಟ್ಟದಲ್ಲಿದ್ದಾರೆ ಎಂದೂ ನೋಡಿ. ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ 1983ರಲ್ಲಿ, ಸಿಗರೇಟ್ ಬಿಡುವವರನ್ನು ಗಮನಿಸಿ, ಬದಲಾವಣೆ ಹಂತ ಹಂತವಾಗಿ ಬರುತ್ತದೆ ಎಂದು ತೋರಿಸಿದರು. ಸಮಸ್ಯೆಯೇ ಇಲ್ಲ ಅನ್ನುವವರಿಗೆ ವೇಳಾಪಟ್ಟಿ ಕೊಟ್ಟರೆ ಮುಂದಿನ ವಾರ ಅವರು ಬರುವುದಿಲ್ಲ.

ಹಂತ 5: ಮೂರನ್ನೂ ಒಂದೇ ಪುಟಕ್ಕೆ ತನ್ನಿ

ಇದು ಚಿಕ್ಕ ಹಂತ, ಆದರೆ ಕ್ಲೈಂಟ್ ಎದುರಿಗೇ ಮಾಡಬೇಕು. ಹಾಳೆಯ ಮಧ್ಯೆ ಆ ನಡವಳಿಕೆ ಬರೆಯಿರಿ: "ರಿಪೋರ್ಟ್ ತೆರೆಯುವುದು." ಮೇಲೆ ಮೌಲ್ಯ, ಅವರದೇ ಮಾತಿನಲ್ಲಿ. ಪಕ್ಕಕ್ಕೆ ನಂಬಿಕೆ. ನಮ್ಮ ಉದಾಹರಣೆಯವರು ಹೇಳಿದ್ದು ಇದು: "ಮಕ್ಕಳು ದೇವರು ನಮ್ಮ ಕೈಗೆ ಕೊಟ್ಟಿರೋದು. ಲೆಕ್ಕ ಕೇಳ್ತಾನೆ." ಆಮೇಲೆ ಬಾಣ ಹಾಕುವ ಪೆನ್ನನ್ನು ಅವರ ಕೈಗೇ ಕೊಡಿ. ಇವರು "ಲೆಕ್ಕ ಕೇಳ್ತಾನೆ" ಅನ್ನುವುದರಿಂದ "ರಿಪೋರ್ಟ್" ಕಡೆಗೆ ಗೆರೆ ಎಳೆದು, ನಿಂತು ನೋಡಿದರು. "ದೇವರಿಗೆ ಹೆದರಿ ಮಗನಿಂದ ಓಡಿ ಹೋಗ್ತಿದ್ದೀನಾ ನಾನು?" ಎಂದರು. ನಾನು ಹೇಳಿದ್ದರೆ ಅದು ಬೈಗುಳ ಆಗುತ್ತಿತ್ತು.

ಮುಂದಿನ ಹೆಜ್ಜೆ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರ ಒಪ್ಪಿಕೊಂಡು ಬದ್ಧವಾಗುವ ಚಿಕಿತ್ಸೆಯಿಂದ ಬಂದದ್ದು. ಅಲ್ಲಿ ಮೌಲ್ಯ ಅಂದರೆ ದಿಕ್ಕು, ಗುರಿ ಅಂದರೆ ಆ ದಿಕ್ಕಿನಲ್ಲಿ ಸಿಗುವ ಊರು. "ಒಳ್ಳೆ ಅಪ್ಪ ಆಗಬೇಕು" ಅನ್ನುವುದು ಪರೀಕ್ಷೆಯಂತೆ, ಫೇಲಾಗಬಹುದು. "ಮಗನ ಮಾತಿಗೆ ಕಿವಿ ಕೊಡುವುದು" ದಿಕ್ಕು, ಇವತ್ತು ಐದು ನಿಮಿಷವಾದರೂ ಆ ಕಡೆ ನಡೆಯಬಹುದು. ಹೆಜ್ಜೆಯನ್ನು ನಾಚಿಕೆಯಾಗುವಷ್ಟು ಚಿಕ್ಕದು ಮಾಡಿ. ಇವರು ಆರಿಸಿಕೊಂಡದ್ದು, ಅಂಥ ಮೆಸೇಜ್ ಬಂದಾಗ ರಿಪೋರ್ಟ್ ತೆರೆಯುವ ಮುಂಚೆ ಮಗನಿಗೆ ಒಂದು ಫೋನ್. ಅಷ್ಟೇ.

ಒಂದು ಎಚ್ಚರಿಕೆ ಮೊದಲೇ ಕೊಡಿ. ಹಳೆಯ ದಾರಿ ಮುಚ್ಚಿದಾಗ ಆ ಅಭ್ಯಾಸ ಹೋಗುವ ಮುನ್ನ ಒಮ್ಮೆ ಜೋರಾಗುವುದುಂಟು. ಎರಡನೇ ವಾರ ಇವರು ಹತ್ತೂವರೆಗೆ ಮನೆಗೆ ಹೋದರು. ಮೊದಲೇ ಹೇಳಿಟ್ಟಿದ್ದರಿಂದ "ನನ್ನಿಂದ ಆಗಲ್ಲ" ಎನ್ನುವ ಬದಲು "ನೀವು ಹೇಳಿದ್ದು ಬಂತು ನೋಡಿ" ಎಂದು ನಕ್ಕರು.

ಹಂತ 6: ನಿಮ್ಮ ಜಾಡನ್ನೂ ಅದೇ ಮೂರು ಕಾಲಂನಲ್ಲಿ ಬರೆಯಿರಿ

ಯಾರ ಸೆಷನ್ ಪದೇ ಪದೇ ಹತ್ತು ನಿಮಿಷ ಜಾಸ್ತಿ ಆಗುತ್ತದೆ? ಯಾರ ಟಿಪ್ಪಣಿ ಬರೆಯುವುದನ್ನು ನಾಳೆಗೆ ತಳ್ಳುತ್ತೀರಿ? ಯಾರು ರದ್ದು ಮಾಡಿದಾಗ ಹಾಯೆನಿಸುತ್ತದೆ? ಮುಂಚೆ, ಆಗ, ಆಮೇಲೆ. ನನ್ನದು ಇದು. ಮುಂಚೆ: ಕ್ಲೈಂಟ್ ಅಳುತ್ತಾರೆ. ಆಗ: ನಾನು ಮಾತು ಶುರುಮಾಡುತ್ತೇನೆ. ಆಮೇಲೆ: ಅಳು ನಿಲ್ಲುತ್ತದೆ, ನನಗೆ ಹಗುರಾಗುತ್ತದೆ. ಸಮಾಧಾನ ಮಾಡಿದೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಸಮಾಧಾನ ಆಗಿದ್ದು ನನಗೆ. ಅದೂ ರಿಪೋರ್ಟ್ ತೆರೆಯುವುದೇ.

ಸ್ಟೀಫನ್ ಕಾರ್ಪ್‌ಮನ್ 1968ರಲ್ಲಿ ಬರೆದ ತ್ರಿಕೋನದಲ್ಲಿ ಮೂರು ಪಾತ್ರಗಳಿವೆ: ಕಾಡುವವರು, ಕಾಡಿಸಿಕೊಳ್ಳುವವರು, ಕಾಪಾಡುವವರು. ನಮ್ಮ ವೃತ್ತಿಗೆ ಬರುವ ಬಹಳ ಜನ ಮೂರನೆಯ ಮೂಲೆಯಿಂದ ಬಂದವರು. ತೊಂದರೆ ಏನೆಂದರೆ ಆ ಮೂಲೆಯಲ್ಲಿ ನಿಂತವರಿಗೆ ಕಾಪಾಡಿಸಿಕೊಳ್ಳುವವರು ಬೇಕೇ ಬೇಕು. ಕ್ಲೈಂಟ್ ತಮ್ಮ ಕಾಲ ಮೇಲೆ ನಿಂತ ವಾರ ಇವರಿಗೆ ಒಳಗೊಳಗೇ ಬೇಜಾರು.

ಸೂಪರ್‌ವಿಷನ್‌ಗೆ (ನಮ್ಮ ಕೆಲಸವನ್ನು ಅನುಭವಿ ಕೌನ್ಸೆಲರ್ ಜೊತೆ ಕೂತು ನೋಡುವುದು) ಚೆನ್ನಾಗಿ ನಡೆದ ಕೇಸ್ ಒಯ್ಯುವುದು ದುಡ್ಡು ದಂಡ. ಯಾವುದನ್ನು ಹೇಳಿದರೆ ಸೂಪರ್‌ವೈಸರ್ ಏನಂದುಕೊಳ್ಳುತ್ತಾರೋ ಅನಿಸುತ್ತದೋ ಅದನ್ನು ಒಯ್ಯಿರಿ. ಮೊದಲ ವಾಕ್ಯದಲ್ಲೇ ಹೇಳಿ. ಕೊನೆಯ ಐದು ನಿಮಿಷಕ್ಕೆ ಇಟ್ಟುಕೊಂಡರೆ ಅದು ಹೇಳಿದಂತೆ ಆಗುವುದಿಲ್ಲ. ಕ್ಲೈಂಟ್‌ಗಳು ಬಾಗಿಲ ಹತ್ತಿರ ನಿಂತು ಹೇಳುವುದನ್ನು ನಾವು ಎಷ್ಟು ಸಲ ನೋಡಿಲ್ಲ.

ಹಂತ 7: ತಪ್ಪಾದಾಗ ವಾಪಸ್ ಹೋಗಿ

ಪೆನ್ನಿನ ಕಥೆ ಅರ್ಧಕ್ಕೆ ನಿಂತಿತ್ತು. ಮೂರು ವಾರ ಕಳೆದ ಮೇಲೆ ಅದನ್ನು ಸೂಪರ್‌ವಿಷನ್‌ಗೆ ಒಯ್ದೆ. ನನ್ನ ಅಜ್ಜಿಯನ್ನು ನೋಡಿಕೊಂಡ ಮನೆಯ ಕಥೆಯೆಲ್ಲ ಹೊರಬಂತು. ಅದು ಅಲ್ಲಿಗೆ ಸೇರಿದ್ದು, ಕ್ಲೈಂಟ್ ಮುಂದೆ ಹೇಳುವಂಥದ್ದಲ್ಲ. ಕ್ಲೈಂಟ್ ಮುಂದೆ ಬೇಕಾಗಿದ್ದು ಎರಡೇ ವಾಕ್ಯ. ಏನಾಯಿತು ಅನ್ನುವುದು ಒಂದು, ಅದು ನನ್ನದು ಅನ್ನುವುದು ಇನ್ನೊಂದು. ಕಾರಣ, ವಿವರಣೆ, ಜಾಸ್ತಿ ಕ್ಷಮೆ ಯಾವುದೂ ಬೇಡ. ಜಾಸ್ತಿ ಕ್ಷಮೆ ಕೇಳಿದರೆ ಅವರೇ ನಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಐದನೇ ಸೆಷನ್ ಶುರುವಾಗುವಾಗ ಹೇಳಿದೆ: "ಎರಡನೇ ಸಲ ಬಂದಾಗ ನೀವು ಅಮ್ಮನ ವಿಷಯ ತೆಗೆದ್ರಿ, ಆಗ ನಾನು ಬರೆಯೋದು ನಿಲ್ಲಿಸಿದೆ. ಅದು ನನ್ನೊಳಗಿನ ವಿಷಯ, ನಿಮ್ಮ ತಪ್ಪಲ್ಲ."

"ನಾನು ನೋಡಿದೆ" ಎಂದರು. ನಗಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಗ್ಲಾಸಿನಲ್ಲಿದ್ದ ನೀರು ಪೂರ್ತಿ ಕುಡಿದರು. ಆಮೇಲೆ, "ರಾತ್ರಿ ಹೊತ್ತು ಅಮ್ಮ ನನ್ನ ಗುರುತೇ ಹಿಡಿಯಲ್ಲ. ಯಾರೋ ಕಳ್ಳ ಬಂದ ಅಂತ ಹೊಡೀತಾರೆ" ಎಂದು ಶುರುಮಾಡಿದರು. ಪೆನ್ನು ಮೇಜಿನ ಮೇಲೇ ಇತ್ತು. ಅವತ್ತು ನಾನು ಏನೂ ಬರೆದುಕೊಳ್ಳಲಿಲ್ಲ.